ಕುದುರೆ ತಿಂದ ತೌಡು

ಹುಟ್ಟುವ ಮಕ್ಕಳಿಗೆ ಹೊತ್ತುಗೊತ್ತು ಇಲ್ಲ. ರೈಲಿಗಂತೂ ಮೊದಲೇ ಇಲ್ಲ. ಈ ಎರಡು ಪೀಡೆಗಳೂ ಇಡೀ ಮೈಸೂರು ಸಂಸ್ಥಾನವನ್ನು ಬಿಟ್ಟು ತನ್ನೊಬ್ಬನ ಮನೆಯನ್ನೇ ಹುಡುಕಿಕೊಂಡು ಬಂದಿವೆ ಎಂಬುದು ಜಟಕಾ ಗವಿಸಿದ್ದಯ್ಯನ ದೂರು. ಯಾರ ಮೇಲೆ ದೂರು ಎಂದು ಯಾರಾದರೂ ಕೇಳಿದರೆ ಮೇಲಕ್ಕೆ ಕೈ ತೋರಿಸುತ್ತಿದ್ದ. ಅಲ್ಲಿ ಸಾಮಾನ್ಯವಾಗಿ ಜಟಕಾದ ತೂತು ಬಿದ್ದ ಕಮಾನು ಇರುತ್ತಿತ್ತು.

ಕ್ಲೋಸ್‌ಪೇಟೆಯ ಸ್ಟೇಷನ್ನಿನ ಮುಂದೆ ಅವನ ಗಾಡಿ ನಿಲ್ಲುತ್ತಿತ್ತು. (ನೀವು ಈಗ ರಾಮನಗರ ಎನ್ನುವ ಊರೇ. ಆಗ ಅದು ಯಾವನೋ ಬಿಳಿ ದೊರೆಯ ಹೆಸರು ಹೊತ್ತುಕೊಂಡಿತ್ತು.) ರೈಲು ಬಂದಾಗ ಅವನು ಅಲ್ಲಿರಬೇಕು. ಇಳಿದ ಗಿರಾಕಿ ಮಾಗಡಿ ಎಂದರೆ ಮಾಗಡಿ, ಕಾನಕಾನಹಳ್ಳಿ ಎಂದರೆ ಕಾನಕಾನಹಳ್ಳಿ. ಹೋದವನು ಯಾವಾಗ ತಿರುಗಿ ಬರುತ್ತಾನೆ ಎಂಬುದು ಅವನ ಕುದುರೆಗೂ ತಿಳಿಯದು. ಹೆಂಡತಿ ಶಿವಲಿಂಗಮ್ಮ ಸೂಲಗಿತ್ತಿ. ಊರಿನ ಚಿಳ್ಳೆಪಿಳ್ಳೆಗಳಲ್ಲಿ ಅರ್ಧಕ್ಕರ್ಧ ಅವಳ ಕೈಯಲ್ಲೇ ಭೂಮಿಗೆ ಬಿದ್ದವು. ಯಾರ ಮನೆಯಲ್ಲಿ ನೋವು ಕಾಣಿಸಿಕೊಂಡರೂ ಕರೆಯಲು ಓಡಿಬರುತ್ತಿದ್ದರು. ಕರೆ ಬಂದರೆ ಕೈಯಲ್ಲಿದ್ದ ಮುದ್ದೆಯನ್ನು ತಟ್ಟೆಗೆ ಹಾಕಿ ಎದ್ದು ಹೋಗಬೇಕು. ಅದು ಅವಳ ಕಸುಬಿನ ನೇಮ.

ಇವರಿಬ್ಬರ ನಡುವೆ ಒಂದು ಕೂಸು, ಹೆಸರು ತಿಪ್ಪಮ್ಮ. ಇನ್ನೂ ಎರಡು ತುಂಬಿರಲಿಲ್ಲ.

ಹೆಸರಿನ ಕಥೆ ಹೇಳಬೇಕು, ಏಕೆಂದರೆ ಮುಂದಿನ ಅನಾಹುತವೆಲ್ಲ ಅದರಲ್ಲೇ ಇದೆ. ಊರವರ ಮಕ್ಕಳನ್ನು ಬದುಕಿಸಿ ಕೊಡುತ್ತಿದ್ದ ಶಿವಲಿಂಗಮ್ಮನ ಸ್ವಂತ ಮಕ್ಕಳು ಒಂದೂ ದಕ್ಕಿರಲಿಲ್ಲ. ಒಂದು ಹಾಲು ಕುಡಿಯುತ್ತಲೇ ಹೋಯಿತು. ಇನ್ನೊಂದು ನಗಲು ಕಲಿತ ವಾರದಲ್ಲಿ ಹೋಯಿತು. ಮತ್ತೊಂದರ ವಿಚಾರ ಅವರ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಹಾಗಾಗಿ ಈ ಹೆಣ್ಣುಕೂಸು ಹುಟ್ಟಿದಾಗ ಹಿರಿಯರು ಹೇಳಿದಂತೆ ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟರು. ಇದು ಯಾರಿಗೂ ಬೇಡವಾದ ಕೂಸು ಎಂದು ಯಮನಿಗೆ ತೋರಬೇಕಲ್ಲ! ನೆರೆಯವಳು ಬಂದು ಎತ್ತಿಕೊಳ್ಳಬೇಕು, ಆಗ ಕೂಸು ಅವಳದಾಗುತ್ತದೆ. ಆಮೇಲೆ ಹೆತ್ತವರು ಒಂದು ಮೊರ ತೌಡು ಕೊಟ್ಟು ಅವಳಿಂದ ಕೊಂಡುಕೊಳ್ಳಬೇಕು. ಕೊಂಡು ತಂದ ಕೂಸಿನ ಮೇಲೆ ಯಮನ ಹಕ್ಕು ನಡೆಯದಂತೆ. ಯಮನಿಗೂ ಇಷ್ಟೊಂದು ಕಾನೂನು ಗೊತ್ತಿದೆಯೇ ಎಂದು ನಾನಂತೂ ಕೇಳಲಾರೆ. ಮೂರು ಕೂಸು ಮಣ್ಣು ಮಾಡಿದವರ ಮುಂದೆ ಅಂಥ ಪ್ರಶ್ನೆ ಕೇಳಬಾರದು.

ಎತ್ತಿಕೊಂಡವಳು ಪಕ್ಕದ ಮನೆಯ ದೊಡ್ಡಲಕ್ಷ್ಮಮ್ಮ. ಮನೆಯಲ್ಲೇ ಒಲೆ ಹೂಡಿ ಕಳ್ಳೆಪುರಿ ಹುರಿದು ಮಾರುವ ವಿಧವೆ, ಮಕ್ಕಳಿಲ್ಲ. ಅವಳು ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಳು. ಗವಿಸಿದ್ದಯ್ಯ ತೌಡು ತರಲು ತಿರುಗಿದ. ಮೊರದ ತೌಡನ್ನು ಜಟಕಾದ ಪಕ್ಕದಲ್ಲಿಟ್ಟಿದ್ದನಲ್ಲ, ಅವನ ಕುದುರೆ ಮಗಳ ಕ್ರಯವನ್ನು ಪೂರ್ತಿ ತಿಂದು ಮೊರದ ತಳ ನೆಕ್ಕುತ್ತಿತ್ತು. ಅಷ್ಟರಲ್ಲಿ ರೈಲು ಕೂಗಿತು. ಅಮಲ್ದಾರರ ಮಾವನವರು ಇಳಿಯುವ ರೈಲು.

"ನಾಳೆ ಕೊಡ್ತೀನಿ ಕಣಕ್ಕ!" ಎಂದವನೇ ಗಾಡಿ ಹೊಡೆದ. ದೊಡ್ಡಲಕ್ಷ್ಮಮ್ಮ ಕೂಸನ್ನು ಬಾಣಂತಿಯ ಮಗ್ಗುಲಲ್ಲಿ ಮಲಗಿಸಿ ಹೋದಳು. ಮರುದಿನ ಮಾಗಡಿಯ ಬಾಡಿಗೆ, ಅದರ ಮರುದಿನ ಇನ್ನೇನೋ. "ತೌಡು ಕೊಟ್ಟೆಯಾ?" ಎಂದು ಹೆಂಡತಿ ಕೇಳಿದಾಗ "ಹ್ಞೂಂ" ಎಂದುಬಿಟ್ಟ. (ಗಂಡಂದಿರು ಆಡುವ ಸುಳ್ಳುಗಳಲ್ಲಿ ಅತಿ ಚಿಕ್ಕದು ಇದೇ. ಕೆಲವು ಸಲ ಅತಿ ದೊಡ್ಡದೂ ಇದೇ.)

ಕೂಸು ಬದುಕಿತು, ಬೆಳೆಯಿತು, ತೆವಳಿತು, ನಡೆಯಿತು. ನಡೆಯತೊಡಗಿದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು ಎಂಬುದು ಆ ಮನೆಯ ನಿತ್ಯದ ಕುರುಕ್ಷೇತ್ರವಾಯಿತು.

"ನಾನು ಹೋಗ್ಲೇಬೇಕು. ಅಲ್ಲಿ ಒಂದು ಜೀವ ಒದ್ದಾಡ್ತಾ ಐತೆ," ಎಂದು ಶಿವಲಿಂಗಮ್ಮ ಸೆರಗು ಸಿಕ್ಕಿಸುತ್ತಿದ್ದಳು.

"ನಾನೂ ಹೋಗ್ಬೇಕಮ್ಮಿ. ರೈಲು ನಂಗೆ ಕಾಯ್ತದಾ?"

"ರೈಲೇ ನಿನ್ನ ಕಾಯಿಸ್ತದಲ್ಲ ದಿನಾ! ಅದರ ಬದಲು ಕೂಸಿನ ಪಕ್ಕ ಕುಂತ್ಕಂಡು ಕಾಯಿ."

"ಸ್ಟೇಷನ್ನಾಗೆ ಇಲ್ದಿದ್ರೆ ಗಿರಾಕಿ ಇನ್ನೊಬ್ಬನ ಗಾಡಿ ಹತ್ತಿ ಹೋಯ್ತಾನೆ. ನಿನ್ ಬಸುರೀರಿಗೆ ಒಸಿ ತಡ್ಕಳಾಕಾಯ್ತದೆ."

ಈ ಮಾತು ಕಿವಿಗೆ ಬಿದ್ದದ್ದೇ ಶಿವಲಿಂಗಮ್ಮ ಕೂಸನ್ನು ಅವನ ಮಡಿಲಲ್ಲಿ ಕುಕ್ಕಿ ಹೊರಟುಬಿಡುತ್ತಿದ್ದಳು. ಹೆರಿಗೆಯ ಮನೆಗೆ ಎಳೆಗೂಸನ್ನು ಒಯ್ಯುವಂತಿಲ್ಲ. ಬಂದ ಮೇಲೂ ತಲೆಗೆ ನೀರು ಹಾಕಿಕೊಳ್ಳದೆ ಮುಟ್ಟುವಂತಿಲ್ಲ.

ಗವಿಸಿದ್ದಯ್ಯ ಉಪಾಯಗಳಲ್ಲಿ ಬೃಹಸ್ಪತಿ. ಮೊದಲು ಕೂಸನ್ನು ಸೊಂಟದ ವಸ್ತ್ರದಿಂದ ತನ್ನ ಬೆನ್ನಿಗೇ ಕಟ್ಟಿಕೊಂಡು ಗಾಡಿ ಹೊಡೆದ. ಅರ್ಕಾವತಿಯ ಸೇತುವೆಯ ಮೇಲೆ ತಿಪ್ಪಮ್ಮ ಹಿಂದೆ ಕೂತಿದ್ದ ಶ್ಯಾನುಭೋಗರ ಜರಿಪೇಟವನ್ನು ಕಿತ್ತು ಹೊಳೆಗೆ ಎಸೆದಳು. ಆಮೇಲೆ ಹಿಂದಿನ ಬೀದಿಯ ಅಖ್ತರಿಯನ್ನು ಕೇಳಿದ. ಅವಳು ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವವಳು. ಕುದಿಯುವ ನೀರಿನ ಪಾತ್ರೆಯನ್ನು ತೋರಿಸಿ, "ನಿಮ್ ಬೇಟಿನ ಇಲ್ಲಿ ಬಿಟ್ರೆ ನಂಗೆ ಜೀವ ಕೈಯಾಗೆ ಇರ್ತೈತೆ ಅಣ್ಣಾ, ಬ್ಯಾಡ," ಎಂದಳು. ಗುಡೇಮಾರನಹಳ್ಳಿಯಿಂದ ತನ್ನ ತಾಯಿಯನ್ನೇ ಕರೆತಂದ. ಆ ಮುದುಕಿ ಸೊಸೆಯ ಅಡುಗೆಗೆ ಮೂಗು ಮುರಿದು, ಸೊಸೆ ಅತ್ತೆಯ ಮೂಗಿಗೇ ಹೆಸರಿಟ್ಟು, ಮುದುಕಿ ಬಂದ ಗಾಡಿಯಲ್ಲೇ ವಾಪಸು ಹೋದಳು.

ಉಳಿದವಳು ದೊಡ್ಡಲಕ್ಷ್ಮಮ್ಮ. ಅವಳು ಆಗೀಗ ಕೂಸನ್ನು ಇರಿಸಿಕೊಳ್ಳುತ್ತಿದ್ದಳು. ಒಂದು ದಿನ ಮಾತ್ರ ಖಡಾಖಂಡಿತವಾಗಿ ಆಗುವುದಿಲ್ಲ ಎಂದಳು.

"ಯಾಕಕ್ಕ? ಕೂಸು ಗಲಾಟೆ ಮಾಡ್ತದಾ?"

"ಗಲಾಟೆ ಮಾಡಿದ್ರೆ ಚೆಂದಾಗಿತ್ತು ಕಣ್ಲಾ," ಎಂದಳು ದೊಡ್ಡಲಕ್ಷ್ಮಮ್ಮ ಪುರಿ ಹುರಿಯುತ್ತಾ. "ನನ್ ತೊಡೆ ಮ್ಯಾಲೇ ನಿದ್ದೆ ಮಾಡ್ತದೆ. ನೀನು ಬಂದು ಎತ್ಕಂಡು ಹೋದ ಮ್ಯಾಲೆ ತೊಡೆ ತಣ್ಣಗಾಯ್ತದೆ. ಇನ್ನೊಬ್ರ ಕೂಸಿಗೆ ಮನಸ್ಸು ಕೊಟ್ಟು ನಾನೇನ್ ಬಾಳ್ಲಿ? ಬ್ಯಾಡ, ಕರ್ಕಂಡು ಹೋಗು."

ಬೇರೆ ಯಾರಾದರೂ ಆಗಿದ್ದರೆ ಈ ಮಾತಿಗೆ ತಲೆ ತಗ್ಗಿಸುತ್ತಿದ್ದರು. ಗವಿಸಿದ್ದಯ್ಯನಿಗೆ ಮಾತ್ರ ಅದೇ ಕ್ಷಣ ಬುದ್ಧಿ ಹೊಳೆಯಿತು. ಬುದ್ಧಿ ಹೊಳೆಯಬಾರದ ಕೆಲವರಿದ್ದಾರೆ, ಇವನು ಅವರಲ್ಲಿ ಮೊದಲಿಗ.

"ಇನ್ನೊಬ್ರ ಕೂಸು ಅಂತೀಯಲ್ಲಕ್ಕ! ತಿಪ್ಪೆ ಮ್ಯಾಲಿಂದ ಎತ್ಕಂಡವ್ಳು ನೀನು. ನಾನು ತೌಡು ಕೊಟ್ಟಿಲ್ಲ, ಕುದುರೆ ತಿಂದ್ಬುಡ್ತು. ಕೊಳ್ಳದೆ ಕೂಸು ನಂದೆಂಗಾಯ್ತದೆ? ಅದು ನಿಂದು! ನಿನ್ ಕೂಸ್ನ ನೀನು ನೋಡ್ಕಳಾದು ಬುಟ್ಟು ನಮ್ ತಲೆ ಮ್ಯಾಲೆ ಹಾಕ್ತೀಯಾ?"

ದೊಡ್ಡಲಕ್ಷ್ಮಮ್ಮನ ಕೈಯ ಸೌಟು ನಿಂತಿತು. ಬಾಣಲಿಯ ಪುರಿ ಸೀದು ಹೊಗೆ ಎದ್ದರೂ ಅವಳು ಅಲುಗಲಿಲ್ಲ.

ಗವಿಸಿದ್ದಯ್ಯ ಅಷ್ಟಕ್ಕೇ ಬಿಡಲಿಲ್ಲ. ಬೀದಿಯ ಯಜಮಾನ ಸಿದ್ದಯ್ಯನ ಜಗಲಿಗೆ ಅವಳನ್ನು ಕರೆದೊಯ್ದು, ನಾಲ್ಕು ಜನರ ಎದುರಿಗೆ ತನ್ನ ವಾದವನ್ನು ಮಂಡಿಸಿದ. ಧರ್ಮಸೂಕ್ಷ್ಮ ಎಂದ, ಹಿರಿಯರ ಕಟ್ಟಳೆ ಎಂದ. ಯಜಮಾನ ಗಡ್ಡ ತುರಿಸಿಕೊಂಡು, "ತೌಡು ಕೊಡದೆ ಕೂಸು ಕೈ ಬದಲಾಗಾಕಿಲ್ಲ. ಅದು ದೊಡ್ಡಲಕ್ಷ್ಮಮ್ಮಂದೇ," ಎಂದು ತೀರ್ಪಿತ್ತ. ಜನ ಭಲೇ ಎಂದರು. ದೊಡ್ಡಲಕ್ಷ್ಮಮ್ಮ ಕೂಸನ್ನು ಎತ್ತಿಕೊಂಡಳು. ಈ ಸಲ ಎತ್ತಿಕೊಂಡ ರೀತಿ ಬೇರೆಯಾಗಿತ್ತು. ಅದನ್ನು ನೋಡಬೇಕಾದವನು ಮೀಸೆ ತಿರುವುತ್ತಿದ್ದ.

ಸುದ್ದಿ ಕೇಳಿ ಶಿವಲಿಂಗಮ್ಮ ಅವನ ಮೇಲೆ ಚೆಂಬು ಎಸೆದಳು. "ಕೊಟ್ಟೆ ಅಂದ್ಯಲ್ಲಾ ತೌಡ! ನನ್ ಕೂಸಿನ ಜೀವದ ವಿಚಾರದಾಗೆ ಸುಳ್ಳು ಹೇಳ್ಬುಟ್ಯಲ್ಲಾ!"

ಆಮೇಲೆ ಚೆಂಬನ್ನು ತಾನೇ ಎತ್ತಿಟ್ಟಳು. ಹಿಂದಿನ ಕೂಸುಗಳು ಯಾವುವೂ ಇಷ್ಟು ದಿನ ಉಳಿದಿರಲಿಲ್ಲ. ಇದು ಉಳಿದಿತ್ತು. ಕೊಂಡುಕೊಳ್ಳದ್ದರಿಂದಲೇ ಉಳಿಯಿತೋ ಏನೋ ಎಂಬ ಮಾತು ಅವಳ ಮನಸ್ಸಿಗೆ ಬಂತು, ಬಂದದ್ದು ಹೋಗಲಿಲ್ಲ.

ವ್ಯವಸ್ಥೆಯೇನೋ ದಿವ್ಯವಾಗಿತ್ತು. ಯಾವ ಹೊತ್ತಿಗೆ ರೈಲು ಬರಲಿ, ಯಾರಿಗೆ ಯಾವಾಗ ನೋವು ಬರಲಿ, ದೊಡ್ಡಲಕ್ಷ್ಮಮ್ಮನ ಬಾಗಿಲು ತೆರೆದೇ ಇತ್ತು. ಕೂಸಿಗೆ ಎಣ್ಣೆ, ಸ್ನಾನ, ಕಣ್ಣಿಗೆ ಕಾಡಿಗೆ, ಬಾಯಿ ತುಂಬ ಪುರಿ. ಗವಿಸಿದ್ದಯ್ಯ ಸ್ಟೇಷನ್ನಿನಲ್ಲಿ ಉಳಿದ ಜಟಕಾದವರಿಗೆಲ್ಲ ತನ್ನ ಬುದ್ಧಿವಂತಿಕೆಯನ್ನು ಬಣ್ಣಿಸಿದ. ಕೇಳಿ ಕೇಳಿ ಬೇಸತ್ತ ಅಸದುಲ್ಲಾ ತನ್ನ ಗಾಡಿಯನ್ನು ಆಚೆ ಮರದ ಕೆಳಗೆ ನಿಲ್ಲಿಸತೊಡಗಿದ.

ಹೀಗಿರುವಾಗ ಒಂದು ಮಧ್ಯಾಹ್ನ ಶಿವಲಿಂಗಮ್ಮ ಕಷ್ಟದ ಹೆರಿಗೆಯೊಂದನ್ನು ಮುಗಿಸಿ, ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಪಕ್ಕದ ಮನೆಗೆ ಹೋದಳು. ಆ ಹೆರಿಗೆಯಲ್ಲಿ ಕೂಸು ಉಳಿದಿರಲಿಲ್ಲ. ಅವಳಿಗೆ ತನ್ನದನ್ನು ಎದೆಗೊತ್ತಿಕೊಳ್ಳಬೇಕೆನಿಸಿತ್ತು. ಕೈ ಚಾಚಿದಳು. ತಿಪ್ಪಮ್ಮ ಅವಳನ್ನು ನೋಡಿ, ಮುಖ ತಿರುಗಿಸಿ, ದೊಡ್ಡಲಕ್ಷ್ಮಮ್ಮನ ಕುತ್ತಿಗೆ ತಬ್ಬಿಕೊಂಡು "ಅವ್ವಾ" ಎಂದಿತು.

ಮನೆಗೆ ಬಂದು ಅವಳು ಅತ್ತ ಅಳುವನ್ನು ನೋಡಿ ಗವಿಸಿದ್ದಯ್ಯನಿಗೆ ಕರುಳು ಕಿತ್ತು ಬಂತು. (ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಇಷ್ಟು ತೊಂದರೆ ಮಾಡುತ್ತಿರಲಿಲ್ಲ.) ಅವನಿಗೂ ಒಂದು ನೋವಿತ್ತು, ಹೇಳಿರಲಿಲ್ಲ. ಕೂಸು ಅವನನ್ನು ಕಂಡಾಗಲೆಲ್ಲ "ಮಾವ" ಎನ್ನುತ್ತಿತ್ತು. ಬೀದಿಯ ಗಂಡಸರಿಗೆಲ್ಲ ಅದು ಇಟ್ಟ ಹೆಸರು ಅದೇ.

"ಅಳಬ್ಯಾಡ ಸುಮ್ಕಿರು. ಒಂದು ಮೊರ ತೌಡಿನ ಮಾತು ತಾನೆ? ನಾಳೆ ಬೆಳಿಗ್ಗೆನೇ ಕೊಂಡ್ಕಂಡು ಬತ್ತೀನಿ."

"ಒಂದ್ಕಿತ ಯೋಚ್ನೆ ಮಾಡು," ಎಂದಳು ಶಿವಲಿಂಗಮ್ಮ. "ನಂಗ್ಯಾಕೋ ಭಯ ಆಯ್ತದೆ."

ಯೋಚನೆ ಮಾಡುವ ಕೆಲಸ ಅವನದಲ್ಲ, ಉಪಾಯದ್ದು ಮಾತ್ರ. ಕೊಟ್ಟದ್ದಕ್ಕೆ ನಾಲ್ಕು ಜನ ಸಾಕ್ಷಿ ಇರಲಿ ಎಂದು ತಮಟೆಯವನೊಬ್ಬನನ್ನು ಕರೆದ. ಹೊಸ ಮೊರದಲ್ಲಿ ಗೋಪುರದಂತೆ ತೌಡು ತುಂಬಿ ತಲೆಯ ಮೇಲೆ ಹೊತ್ತು, ಕುದುರೆಯನ್ನು ದೂರ ಕಟ್ಟಿ, ಬೀದಿಯುದ್ದಕ್ಕೂ ಮೆರವಣಿಗೆಯಲ್ಲಿ ಹೊರಟ. ಪಕ್ಕದ ಮನೆಗೆ ಹೋಗಲು ಇಡೀ ಬೀದಿ ಸುತ್ತಿದ! ದೊಡ್ಡಲಕ್ಷ್ಮಮ್ಮನ ಬಾಗಿಲಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ಕೂಗಿದ:

"ನನ್ ಮಗಳ್ನ ಕೊಂಡ್ಕಳಾಕೆ ಬಂದಿವ್ನಿ! ತಿಪ್ಪಮ್ಮ ನನ್ ಮಗಳು! ಗವಿಸಿದ್ದಯ್ಯನ ಮಗಳು!"

ದೊಡ್ಡಲಕ್ಷ್ಮಮ್ಮ ಹೊರಗೆ ಬಂದಳು. ಸೊಂಟದ ಮೇಲೆ ಕೂಸಿತ್ತು, ಅದರ ಎರಡೂ ಮುಷ್ಟಿಯಲ್ಲಿ ಪುರಿ.

"ಮಾರಾಕಿಲ್ಲ," ಎಂದಳು.

"ಏನಂದೆ?"

"ನಾನು ಮಾರಾಕಿಲ್ಲ ಅಂದೆ. ಕೊಳ್ಳಾನು ಬಂದ್ರೆ ಸಾಕಾ, ಮಾರೋಳು ಒಪ್ಪಬ್ಯಾಡ್ವಾ? ಯಜಮಾನ್ರ ಜಗಲಿ ಮ್ಯಾಲೆ ನೀನೇ ಅಲ್ವಾ ಹೇಳಿದ್ದು, ಇದು ನಿಂದೂ ಅಂತ? ನಾನು ಬ್ಯಾಡ ಬ್ಯಾಡ ಅಂದೆ. ಮನಸ್ಸು ಕೊಟ್ರೆ ಬಾಳಾಕಾಗಲ್ಲ ಅಂದೆ. ಕೇಳ್ದ್ಯಾ? ಈಗ ಮನಸ್ಸು ಕೊಟ್ಟಾಗೈತೆ. ನಿನ್ ತೌಡ ನಿನ್ ಕುದುರೆಗೇ ಹಾಕು."

ಗವಿಸಿದ್ದಯ್ಯ ಗುಂಪಿನಲ್ಲಿದ್ದ ಯಜಮಾನನ ಮುಖ ನೋಡಿದ. ಯಜಮಾನ ಆಕಾಶ ನೋಡಿದ. ತಮಟೆಯವನು ಏನು ಮಾಡಬೇಕೆಂದು ತಿಳಿಯದೆ ಇನ್ನೆರಡು ಏಟು ಬಾರಿಸಿದ.

ಅಂದು ಮಧ್ಯಾಹ್ನವೇ ಕೂಸಿನ ಮೈ ಕಾದಿತು. ಸಂಜೆಯ ಹೊತ್ತಿಗೆ ಹೆಂಚಿನಂತೆ ಸುಡುತ್ತಿತ್ತು. ಕಣ್ಣು ಮೇಲಕ್ಕೆ ಹೋಗುತ್ತಿತ್ತು. ವಿಷಯ ತಿಳಿದು ಶಿವಲಿಂಗಮ್ಮ ಗಂಡನ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅವನಿಗೆ ಹೆಚ್ಚು ಹೆದರಿಕೆಯಾಯಿತು.

"ತಮಟೆ ಹೊಡ್ಸಿ ಕೂಗ್ದ್ಯಲ್ಲ, ನಮ್ಮ ಮಗಳು ಅಂತ. ಕೇಳಬಾರದವರಿಗೂ ಕೇಳಿರ್ತದೆ. ನಮ್ ಮನೆ ದಾರಿ ಅವರಿಗೆ ಹೊಸದಾ?"

ಅವಳು ಪಕ್ಕದ ಮನೆಗೆ ಹೋದಾಗ ದೊಡ್ಡಲಕ್ಷ್ಮಮ್ಮ ಬಾಗಿಲಿಗೇ ಓಡಿಬಂದಳು. ಬೆಳಿಗ್ಗೆಯ ಗಟ್ಟಿ ಹೆಂಗಸು ಅವಳಲ್ಲಿ ಉಳಿದಿರಲಿಲ್ಲ. ಕೂಸನ್ನು ಎರಡೂ ಕೈಯಲ್ಲಿ ಮುಂದಕ್ಕೆ ಚಾಚಿದಳು.

"ತಗಳವ್ವ ಶಿವಲಿಂಗಿ, ತಗ. ನಿನ್ ಕೂಸು, ನೀನೇ ತಗ. ತೌಡೂ ಬ್ಯಾಡ ಏನೂ ಬ್ಯಾಡ. ನನ್ ಪಾಪದ ಹಣೆಬರ ಇದಕ್ಕೆ ತಟ್ಟೋದು ಬ್ಯಾಡ. ಬದುಕಿದ್ರೆ ಸಾಕು, ತಗಳವ್ವ."

ಹೆತ್ತವಳ ಮುಂದೆ ಹೆತ್ತ ಕೂಸು. ಕೈ ಚಾಚಿದರೆ ಸಾಕಿತ್ತು. ಶಿವಲಿಂಗಮ್ಮ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಮತ್ತೆ, ಬಾಗಿಲ ಕಡೆ, ಮಾಡಿನ ಕಡೆ, ಕತ್ತಲು ಕೂತ ಮೂಲೆಯ ಕಡೆ ಕೇಳುವಂತೆ ಗಟ್ಟಿಯಾಗಿ ಹೇಳಿದಳು:

"ನಂದಲ್ಲ ಕಣಕ್ಕ. ನಿನ್ ಕೂಸು. ನಂಗೆ ಮಕ್ಕಳಿಲ್ಲ. ಸೂಲಗಿತ್ತಿ ನಾನು, ಹುಷಾರಿಲ್ಲ ಅಂದ್ರು, ನೋಡಾಕೆ ಬಂದಿವ್ನಿ."

ಹೇಳಿ ಸೆರಗು ಸಿಕ್ಕಿಸಿ ಕೂತಳು. ಒದ್ದೆ ಬಟ್ಟೆ ತರಿಸಿದಳು, ಕಷಾಯ ಕಾಸಿದಳು, ಅಂಗಾಲು ತಿಕ್ಕಿದಳು. "ನಿನ್ ಮಗೀಗೆ ಒಸಿ ನೀರು ಕುಡ್ಸಕ್ಕ," "ನಿನ್ ಮಗಿನ ಈ ಕಡೆ ತಿರುಗ್ಸು," ಎನ್ನುತ್ತಿದ್ದಳು.

ಆಗ ಗವಿಸಿದ್ದಯ್ಯ ಒಳಗೆ ನುಗ್ಗಿ "ಅಯ್ಯೋ ನನ್ ಮಗ..." ಎಂದ. ಅಷ್ಟೇ ಹೇಳಲು ಅವನಿಗೆ ಆದದ್ದು. ಶಿವಲಿಂಗಮ್ಮ ಹಾರಿ ಬಂದು ಅವನ ಬಾಯಿಗೆ ಕೈ ಅಡ್ಡ ಹಿಡಿದಳು.

"ಯಾರ್ ಮನೆಗೆ ಬಂದು ಯಾರ್ ಕೂಸಿಗೆ ಅಳ್ತಾ ಇದ್ದೀಯ? ನಿಂಗೇನು ಸಂಬಂಧ? ನಡಿ ಆಚೆ!"

ಅವನು ಆಚೆ ಬಂದ. ಅಳು ತಡೆಯಲಾಗಲಿಲ್ಲ. ಕುದುರೆಯ ಕುತ್ತಿಗೆಗೆ ಮುಖ ಒತ್ತಿಕೊಂಡು ಹೋ ಎಂದು ಅತ್ತ. ಆ ಬೀದಿಯಾಗಿ ಮನೆಗೆ ಗಾಡಿ ಬಿಚ್ಚಲು ಹೊರಟಿದ್ದ ಅಸದುಲ್ಲಾ ನಿಂತು, "ಕ್ಯಾ ಹುವಾ ಗವಿಸಿದ್ದಣ್ಣ, ಯಾಕೆ ಅಳ್ತಿದ್ದೀಯ?" ಎಂದು ಕೇಳಿದ.

"ಕುದುರೆಗೆ ಹುಷಾರಿಲ್ಲ ಕಣಯ್ಯ," ಎಂದ ಗವಿಸಿದ್ದಯ್ಯ. ಕುದುರೆ ಹೊಸ ಮೊರದ ತೌಡನ್ನು ಆನಂದವಾಗಿ ತಿನ್ನುತ್ತಿತ್ತು. ಅಸದುಲ್ಲಾ ಕುದುರೆಯನ್ನು ನೋಡಿದ, ಪಕ್ಕದ ಮನೆಯ ಬಾಗಿಲನ್ನು ನೋಡಿದ, ಅವನ ಹೆಗಲ ಮೇಲೆ ಕೈ ಇಟ್ಟು ನಿಂತ.

ಜ್ವರ ಇಳಿಯಿತು. ಕೂಸು ಕಣ್ಣು ಬಿಟ್ಟು ಪುರಿ ಕೇಳಿತು. ಕಷಾಯದಿಂದಲೋ, ಒದ್ದೆ ಬಟ್ಟೆಯಿಂದಲೋ, ಯಮನಿಗೆ ವಿಳಾಸ ತಪ್ಪಿತೋ, ನನಗೆ ತಿಳಿಯದು. ಶಿವಲಿಂಗಮ್ಮನಿಗೆ ಮಾತ್ರ ಅನುಮಾನವೇ ಇರಲಿಲ್ಲ. ಅಂದಿನಿಂದ ಅವರ ಮನೆಯಲ್ಲಿ ಆ ಕೂಸಿಗೆ "ಪಕ್ಕದ್ಮನೆ ತಿಪ್ಪಿ" ಎಂದೇ ಹೆಸರು. ಸಾಯಂಕಾಲ ಗೋಡೆಯ ಆಚೆ ಅದು ನಕ್ಕರೆ ಶಿವಲಿಂಗಮ್ಮ ರಾಗಿ ಬೀಸುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ಗಂಡ ನೋಡುತ್ತಿದ್ದಾನೆಂದು ಗೊತ್ತಾದರೆ ಮತ್ತೆ ಬೀಸುತ್ತಿದ್ದಳು.

ದೊಡ್ಡಲಕ್ಷ್ಮಮ್ಮ ಒಳ್ಳೆಯವಳು, ಕೂಸನ್ನು ಅವರಿಗೆ ಬಚ್ಚಿಡಲಿಲ್ಲ. ಅಷ್ಟೇ ಅಲ್ಲ, ಧಾರಾಳವಾಗಿಯೇ ಕೊಡತೊಡಗಿದಳು. ಕೂಸಿನ ಜ್ವರ ಇಳಿದರೆ ಕೆಂಗಲ್ ಆಂಜನೇಯನ ಸೇವೆ ಮಾಡುತ್ತೇನೆಂದು ಅಂದು ರಾತ್ರಿ ಹರಕೆ ಹೊತ್ತಿದ್ದಳು. ಮನಸ್ಸು ಬಂದಾಗ ಕೆಂಗಲ್ಲಿಗೆ ಹೊರಡುತ್ತಿದ್ದಳು. ಅಲ್ಲಿಂದ ಹಾಗೇ ಚನ್ನಪಟ್ಟಣದ ತಂಗಿಯ ಮನೆ. ಎಂದು ಹೋಗುತ್ತಾಳೆ, ಎಷ್ಟು ಹೊತ್ತಿಗೆ ಬರುತ್ತಾಳೆ, ಕೇಳುವಂತಿರಲಿಲ್ಲ.

"ಲೇ ಗವಿಸಿದ್ದ, ನನ್ ಕೂಸ್ನ ಒಸಿ ನೋಡ್ಕ. ಬತ್ತೀನಿ," ಎಂದು ಅವನ ಮಡಿಲಲ್ಲಿ ಇಟ್ಟು ಹೋಗಿಬಿಡುತ್ತಿದ್ದಳು. ಇಲ್ಲವೆನ್ನಲು ಅವನಿಗೆ ಬಾಯಿ ಎಲ್ಲಿತ್ತು!

ಒಂದು ಶನಿವಾರ ಹೀಗೇ ಅವನು ಸ್ಟೇಷನ್ನಿನ ಮುಂದೆ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾಯುತ್ತಿದ್ದ. ರೈಲು ಎಂದಿನಂತೆ ತಡವಾಗಿ ಬಂತು. ಇಳಿದ ಗಿರಾಕಿ, ಬೆಂಗಳೂರಿನ ಯಾರೋ ವಕೀಲರು, ಕಾನಕಾನಹಳ್ಳಿಗೆ ಬರುತ್ತೀಯಾ ಎಂದರು.

"ಬರಾಕಾಗಲ್ಲ ಸ್ವಾಮಿ. ಈ ಕೂಸಿನವರು ಕೆಂಗಲ್ಲಿಗೆ ಹೋಗವ್ರೆ. ಯಾವಾಗ ಬತ್ತಾರೋ ಏನೋ."

ತಿಪ್ಪಮ್ಮ ಅವನ ಮೀಸೆ ಹಿಡಿದು ಎಳೆಯುತ್ತಾ "ಮಾವಾ, ಮಾವಾ" ಎಂದಳು. ವಕೀಲರು ಅವಳ ಮುಖವನ್ನೂ ಅವನ ಮುಖವನ್ನೂ ನೋಡಿ ನಕ್ಕರು.

"ಯಾರ ಮಗುವಯ್ಯ? ಮೂಗು ನಿನ್ನದೇ ಇದ್ದ ಹಾಗಿದೆ."

ಗವಿಸಿದ್ದಯ್ಯ ಥಟ್ಟನೆ ಆಚೆ ಈಚೆ ನೋಡಿದ. ಸ್ಟೇಷನ್ನಿನ ಮುಂದೆ ಬಿಸಿಲಿತ್ತು, ಕುದುರೆಗಳಿದ್ದವು, ಬೇರೆ ಯಾರೂ ಇರಲಿಲ್ಲ.

"ಪಕ್ಕದ್ಮನೇದು ಸ್ವಾಮಿ."

"ನಿನಗೆ ಮಕ್ಕಳಿಲ್ಲವೋ?"

"ಇಲ್ಲ ಸ್ವಾಮಿ!" ಎಂದು ಅವನು, ಯಾರಿಗೆ ಕೇಳಬೇಕೋ ಅವರಿಗೆಲ್ಲ ಕೇಳುವಂತೆ, ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ಕಂಡು ವಕೀಲರು ಬೆಚ್ಚಿ ಅಸದುಲ್ಲಾನ ಗಾಡಿ ಹತ್ತಿದರು. ಗವಿಸಿದ್ದಯ್ಯ ಪಕ್ಕದ ಮನೆಯ ಕೂಸನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು, ಅದರ ಅವ್ವ ಬರುವ ದಾರಿ ನೋಡುತ್ತಾ ಕೂತ.